ಪಳಗಿದ್ದೆಲ್ಲ ಸಾಕುಪ್ರಾಣಿಯಲ್ಲ

ಶ್ರೀರಂಗಪಟ್ಟಣದ ದಸರಾ ಮೆರವಣಿಗೆಯಲ್ಲಿ ಅಂಬಾರಿ ಹೊತ್ತ ಆನೆ ಮಾವುತನ ಒಂದು ಮಾತಿಗೆ ನಿಲ್ಲುತ್ತದೆ, ಇನ್ನೊಂದಕ್ಕೆ ಸೊಂಡಿಲೆತ್ತುತ್ತದೆ. ಹಾಗಾದರೆ ಅದು ಕೊಟ್ಟಿಗೆಯ ಹಸುವಿನಂತೆ ಸಾಕುಪ್ರಾಣಿಯೇ? ಮಕ್ಕಳು ಕೇಳಿದರೆ ಹಿರಿಯರೂ ಎಷ್ಟೋ ಸಲ ‘ಹೌದು’ ಎಂದುಬಿಡುತ್ತಾರೆ. ಪ್ರಾಣಿಶಾಸ್ತ್ರ ಅದನ್ನು ಒಪ್ಪುವುದಿಲ್ಲ. ಆನೆ ಪಳಗಿದ ಕಾಡುಪ್ರಾಣಿ, ಅಷ್ಟೆ.

ಪಳಗಿಸುವುದು ಒಂದು ಪ್ರಾಣಿಯ ಆಯುಸ್ಸಿನಲ್ಲೇ ಮುಗಿಯುವ ಕೆಲಸ. ಸಾಕುಪ್ರಾಣಿಯಾಗುವುದು ಇಡೀ ಕುಲದ ಸಾವಿರಾರು ವರ್ಷಗಳ ಕಥೆ. ಹಿಂದೆ ಮೈಸೂರು ಸೀಮೆಯಲ್ಲಿ ಆನೆಗಳನ್ನು ಕಾಕನಕೋಟೆಯ ಕಾಡಿನಲ್ಲಿ ಖೆಡ್ಡಾಕ್ಕೆ ಕೆಡವಿ ಹಿಡಿಯುತ್ತಿದ್ದರು. ಅಲ್ಲಿ ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಹಿಡಿದ ಪ್ರತಿ ಆನೆಗೂ ಪಾಠ ಮೊದಲಿನಿಂದಲೇ ಆಗಬೇಕಿತ್ತು. ಶಿಬಿರದಲ್ಲೇ ಹುಟ್ಟಿದ ಮರಿಯನ್ನೂ ಹೊಸದಾಗಿ ಪಳಗಿಸಬೇಕು. ತಾಯಿ ಕಲಿತದ್ದು ಮರಿಗೆ ರಕ್ತದಲ್ಲಿ ಬರುವುದಿಲ್ಲ.

ಕೆ.ಆರ್. ಪೇಟೆಯ ಹೇಮಗಿರಿ ಜಾತ್ರೆಗೆ ಬರುವ ಹಳ್ಳಿಕಾರ್ ಎತ್ತುಗಳ ಮಾತು ಬೇರೆ. ಇವುಗಳ ಪೂರ್ವಜವಾದ ಕಾಡುದನ ಇಂದು ಭೂಮಿಯ ಮೇಲೆಲ್ಲೂ ಇಲ್ಲ. ಸೌಮ್ಯವಾದ, ದುಡಿಯಬಲ್ಲ ರಾಸುಗಳನ್ನೇ ತಲೆಮಾರಿನಿಂದ ತಲೆಮಾರಿಗೆ ಆರಿಸಿ ಮನುಷ್ಯ ಈ ತಳಿಗಳನ್ನು ಬೆಳೆಸಿದ. ಶ್ರೀರಂಗಪಟ್ಟಣದ ಅರಸರು ಇದಕ್ಕೆಂದೇ ‘ಬೆಣ್ಣೆ ಚಾವಡಿ’ ಇಟ್ಟಿದ್ದರು. ಟಿಪ್ಪು ಸುಲ್ತಾನ್ ಅದಕ್ಕೆ ‘ಅಮೃತ ಮಹಲ್’ ಎಂದು ಹೆಸರಿಟ್ಟ. ಕರುವಿಗೂ ನೊಗ ಕಲಿಸಬೇಕು, ನಿಜ. ಆದರೆ ಮನುಷ್ಯನೊಡನೆ ಬಾಳುವ ಗುಣ ಅದಕ್ಕೆ ಹುಟ್ಟಿನಿಂದಲೇ ಬಂದಿರುತ್ತದೆ.

ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯಲ್ಲಿ ತೋಳಗಳಿಗೆ ಹೆಸರಾದ ವನ್ಯಧಾಮವಿದೆ. ಅದು ಘೋಷಣೆಯಾದದ್ದು 1974ರಲ್ಲಿ. ಊರ ಬೀದಿಯ ನಾಯಿ ಈ ತೋಳದ ದಾಯಾದಿ. ಕನಿಷ್ಠ 15,000 ವರ್ಷಗಳ ಹಿಂದೆಯೇ ಪುರಾತನ ತೋಳಗಳ ಒಂದು ಕವಲು ಮನುಷ್ಯನ ಬೆನ್ನುಹತ್ತಿ ನಾಯಿಯಾಯಿತು. ಇಂದು ತೋಳದ ಮರಿಯೊಂದನ್ನು ತಂದು ಅನ್ನವಿಕ್ಕಿದರೆ ಅದು ಪಳಗೀತು, ನಾಯಿಯಾಗದು.

ಇನ್ನು ನಾಗಮಂಗಲದ ಆದಿಚುಂಚನಗಿರಿ. 1981ರಿಂದ ನವಿಲುಧಾಮವಾಗಿರುವ ಈ ಬೆಟ್ಟದಲ್ಲಿ ನವಿಲುಗಳು ಜನರ ಸಮೀಪವೇ ಓಡಾಡುತ್ತವೆ. ಅವು ಪಳಗಿದವೂ ಅಲ್ಲ. ಜನರಿಂದ ಕೇಡಿಲ್ಲವೆಂದು ಅರಿತು ಒಗ್ಗಿಕೊಂಡಿವೆ, ಅಷ್ಟೆ. ಹಿತ್ತಲಿನ ನಾಟಿ ಕೋಳಿ ಮಾತ್ರ ಅಪ್ಪಟ ಸಾಕುಪ್ರಾಣಿ. ಅದರ ಮೂಲ ಕೆಂಪು ಕಾಡುಕೋಳಿ.

ಈ ವ್ಯತ್ಯಾಸ ಪರೀಕ್ಷೆಗಷ್ಟೇ ಬೇಕಾದದ್ದಲ್ಲ. ಮಂಡ್ಯ ಸೀಮೆಯಲ್ಲಿ ಕಬ್ಬು ಕಡಿಯುವಾಗ ಗದ್ದೆಯ ನಡುವೆ ಚಿರತೆ ಮರಿಗಳು ಸಿಗುವುದುಂಟು. ನೋಡಲು ಬೆಕ್ಕಿನ ಮರಿಯಷ್ಟೇ ಮುದ್ದು. ಪಾಪ, ತಬ್ಬಲಿ ಎಂದು ಎತ್ತಿಕೊಂಡು ಬರುವ ಆಸೆ ಮಕ್ಕಳಿಗೆ ಸಹಜ. ಆದರೆ ತಾಯಿ ಬೇಟೆಗೆ ಹೋಗಿರಬಹುದು, ಮರಿ ಕಾಣದಿದ್ದರೆ ಕೆರಳಬಹುದು. ಕೈಯಲ್ಲಿ ಬೆಳೆದ ಮರಿ ಬೇಟೆ ಕಲಿಯದೆ ಕಾಡಿಗೂ ಸಲ್ಲದು, ಹುಟ್ಟುಗುಣ ಬಿಡದೆ ಮನೆಗೂ ಸಲ್ಲದು. ಉಳಿದ ಆಯುಸ್ಸು ಪಂಜರದಲ್ಲೇ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದನ್ನು ಸಾಕುವುದು ಅಪರಾಧವೂ ಹೌದು.

ಮರಿಯನ್ನು ಮುಟ್ಟದೆ, ಗುಂಪು ಸೇರಿಸದೆ, ದೂರ ಸರಿದು ಅರಣ್ಯ ಇಲಾಖೆಗೆ ತಿಳಿಸುವುದೇ ಸರಿ. ಕಾಡುಪ್ರಾಣಿಗೆ ಪ್ರೀತಿ ತೋರುವ ದಾರಿ ಅದನ್ನು ಅದರ ತಾಯಿಗೆ ಬಿಟ್ಟುಕೊಡುವುದು.