ಕಾಲೇಜು ಕಬಡ್ಡಿ: ಹದಿನಾಲ್ಕನೆಯ ಆಟಗಾರನನ್ನು ಹುಡುಕೋಣ

ಜೂನ್-ಜುಲೈ ಬಂತೆಂದರೆ ಮುಂಬಯಿ ಮಹಾನಗರದ ಕಾಲೇಜುಗಳಲ್ಲಿ ಪ್ರವೇಶದ ಗಡಿಬಿಡಿ. ಯಾವ ಕಾಲೇಜು, ಯಾವ ವಿಷಯ, ಎಷ್ಟು ಫೀಸು ಎಂಬುದೇ ನಮ್ಮ ತುಳು-ಕನ್ನಡಿಗರ ಮನೆಗಳಲ್ಲೂ ಮಾತು. ಫೀಸಿನ ರಸೀದಿಯಲ್ಲಿ ಜಿಮಖಾನಾ ಶುಲ್ಕ ಎಂಬ ಸಣ್ಣ ಮೊತ್ತವೊಂದು ಇರುತ್ತದೆ. ಕಾಲೇಜಿನ ಕ್ರೀಡಾ ವಿಭಾಗವನ್ನು ಜಿಮಖಾನಾ ಎನ್ನುವುದು ಇಲ್ಲಿನ ರೂಢಿ. ಆಡುವವರೂ ಆಡದವರೂ ಈ ಶುಲ್ಕ ಕಟ್ಟುತ್ತಾರೆ. ಆದರೆ ಮೈದಾನಕ್ಕೆ ಬರುವವರು ಬೆರಳೆಣಿಕೆಯಷ್ಟು. ಹೀಗಾಗಿ ಕಾಲೇಜು ತಂಡದ ನಾಯಕನಾದ ಹುಡುಗನಿಗೆ ಎದುರಾಳಿಯನ್ನು ಸೋಲಿಸುವುದಕ್ಕಿಂತ ಮೊದಲು ತನ್ನ ಕಡೆಯ ತಲೆ ಎಣಿಕೆಯದೇ ಚಿಂತೆ.

ನಮ್ಮವರಿಗೆಲ್ಲ ಪರಿಚಿತವಾದ ಕಬಡ್ಡಿಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ತಂಡದಲ್ಲಿ 12 ಮಂದಿ, ಅಂಗಳದಲ್ಲಿ 7 ಮಂದಿ. ಹನ್ನೆರಡು ಜನ ಸಿಕ್ಕಿದರೆ ಸಾಕು ಎಂದು ಮೇಲ್ನೋಟಕ್ಕೆ ಅನಿಸುತ್ತದೆ. ಆದರೆ ಅಭ್ಯಾಸಕ್ಕೆ ಎರಡು ಬದಿ ಬೇಕು. ಏಳಕ್ಕೆ ಏಳು ಕೂಡಿದರೆ ಹದಿನಾಲ್ಕು. ಒಬ್ಬನಿಗೆ ಜ್ವರ, ಇನ್ನೊಬ್ಬನಿಗೆ ಟ್ಯೂಷನ್ ಎಂದು ಐದೈದು ಮಂದಿ ಆಡಲು ನಿಂತರೆ ಆಟವೇ ಬೇರೆಯಾಗುತ್ತದೆ. ಎದುರು ಕನಿಷ್ಠ ಆರು ಮಂದಿ ಇದ್ದಾಗ ಮಾತ್ರ ಬೋನಸ್ ಗೆರೆ ದಾಟಿದ್ದಕ್ಕೆ ಅಂಕ ಎಂಬುದು ನಿಯಮ. ಐದು ಮಂದಿಯ ಎದುರು ಅಭ್ಯಾಸ ಮಾಡಿದ ರೈಡರ್‌ಗೆ ಬೋನಸ್‌ನ ಸಮಯ ಸಾಧನೆ ಬರುವುದಾದರೂ ಹೇಗೆ? ಎರಡು ಕಾರ್ನರ್, ಎರಡು ಕವರ್‌ಗಳ ಹೊಂದಾಣಿಕೆಯೂ ಹಾಗೆಯೇ. ಆದ್ದರಿಂದ ಪಂದ್ಯದ ದಿನ ಬೆಂಚಿನಲ್ಲಿಯೂ ಜಾಗ ಸಿಗದ ಆ ಹದಿನಾಲ್ಕನೆಯವನು ತಂಡಕ್ಕೆ ಮೊದಲನೆಯವನಷ್ಟೇ ಮುಖ್ಯ.

ಇನ್ನೊಂದು ತೊಡಕು ಕಾಲದ್ದು. ಪದವಿ ಮೂರು ವರ್ಷ, ಹೊಸ ಶಿಕ್ಷಣ ನೀತಿಯ ಆನರ್ಸ್ ಹಿಡಿದರೆ ನಾಲ್ಕು. ಸಂಘಗಳಲ್ಲಿ ಒಬ್ಬರೇ ಇಪ್ಪತ್ತು ವರ್ಷ ಕಾರ್ಯದರ್ಶಿಯಾಗಿ ದುಡಿದ ಉದಾಹರಣೆಗಳಿವೆ. ಕಾಲೇಜಿನಲ್ಲಿ ಅದು ಸಾಧ್ಯವಿಲ್ಲ. ಮೊದಲ ವರ್ಷ ಕಲಿತು, ಎರಡನೆಯ ವರ್ಷ ಆಡಿ, ಮೂರನೆಯ ವರ್ಷ ನಾಯಕನಾಗುವಷ್ಟರಲ್ಲಿ ಹೊರಡುವ ಹೊತ್ತಾಗಿರುತ್ತದೆ. ಒಂದು ವರ್ಷ ಹೊಸಬರನ್ನು ಸೇರಿಸದಿದ್ದರೆ ಎರಡು ವರ್ಷದ ಬಳಿಕ ಅನುಭವಿ ಆಟಗಾರರೇ ಇರುವುದಿಲ್ಲ. ಕಪ್ಪು ಗೆದ್ದ ತಂಡವೂ ಹೀಗೆಯೇ ಸದ್ದಿಲ್ಲದೆ ಮುಚ್ಚಿಹೋಗುತ್ತದೆ.

ಹಾಗಾದರೆ ಹೊಸಬರನ್ನು ಸೇರಿಸುವುದು ಹೇಗೆ? ನೋಟಿಸ್ ಬೋರ್ಡಿನ ಚೀಟಿಯನ್ನು ಓದುವವರು ಕಡಿಮೆ. ವಾಟ್ಸಾಪ್ ಸಂದೇಶ ನೂರರಲ್ಲೊಂದಾಗಿ ಕಳೆದುಹೋಗುತ್ತದೆ. ಪ್ರಾಧ್ಯಾಪಕರ ಅನುಮತಿ ಪಡೆದು, ಮೊದಲ ವರ್ಷದ ತರಗತಿಗಳಿಗೇ ಹೋಗಿ ಎರಡು ನಿಮಿಷ ಮಾತನಾಡುವುದು ಮೇಲು. ಆಸಕ್ತರು ಬನ್ನಿ ಎಂದರೆ ಯಾರೂ ಬರುವುದಿಲ್ಲ. ಬರುವ ಮಂಗಳವಾರ ಮಧ್ಯಾಹ್ನ ಮೂರಕ್ಕೆ, ಇಂಥ ಜಾಗಕ್ಕೆ, ಬೂಟು ಇಲ್ಲದಿದ್ದರೂ ಬನ್ನಿ ಎಂದರೆ ನಾಲ್ವರಾದರೂ ಬರುತ್ತಾರೆ. ಅಲ್ಲಿಯೇ ಹೆಸರು, ಫೋನ್ ಸಂಖ್ಯೆ ಬರೆದುಕೊಂಡು ಸೋಮವಾರ ಸಂಜೆ ಒಂದು ಕರೆ ಮಾಡಿದರೆ ಇನ್ನೂ ಒಳ್ಳೆಯದು. ಮನುಷ್ಯ ಬರುವುದು ಪ್ರಕಟಣೆಗಲ್ಲ, ಕರೆಗೆ.

ಮೊದಲು ಆಡಿದ್ದೀಯಾ ಎಂಬ ಪ್ರಶ್ನೆಯನ್ನು ಬಾಗಿಲಲ್ಲೇ ಕೇಳಬಾರದು. ಕಾರ್ಕಳ ತಾಲೂಕಿನ ಹೆರ್ಮುಂಡೆಯ ಮಮತಾ ಪೂಜಾರಿ ಶಾಲೆಯಲ್ಲಿ ವಾಲಿಬಾಲ್, ಶಾಟ್‌ಪುಟ್‌ಗಳಲ್ಲಿ ತೊಡಗಿದ್ದವರು. ಕಬಡ್ಡಿ ಅವರ ಕೈ ಹಿಡಿದದ್ದು ಕಾಲೇಜಿನ ಹಂತದಲ್ಲಿ. ಮಹಿಳಾ ಕಬಡ್ಡಿ ಮೊದಲ ಬಾರಿ ಏಷ್ಯನ್ ಗೇಮ್ಸ್‌ಗೆ ಸೇರಿದ 2010ರಲ್ಲಿಯೂ, ಬಳಿಕ 2014ರಲ್ಲಿಯೂ ಚಿನ್ನ ಗೆದ್ದ ಭಾರತ ತಂಡದಲ್ಲಿ ಅವರಿದ್ದರು. ಅರ್ಜುನ ಪ್ರಶಸ್ತಿಗೂ ಪಾತ್ರರಾದರು. ಅನುಭವ ಇದ್ದವರು ಮಾತ್ರ ಎಂಬ ಫಲಕ ಎಲ್ಲ ಕಡೆ ನೇತಾಡಿದರೆ ಇಂಥ ಪ್ರತಿಭೆಗಳು ಹೊರಗೇ ಉಳಿಯುತ್ತವೆ.

ಬಂದವರನ್ನು ಉಳಿಸಿಕೊಳ್ಳುವುದು ಇನ್ನೂ ಕಷ್ಟದ ಕೆಲಸ. ಜುಲೈಯಲ್ಲಿ ಪಟ್ಟಿ ಉದ್ದವಿರುತ್ತದೆ, ಗಣಪತಿ ಹಬ್ಬ ಮುಗಿಯುವಷ್ಟರಲ್ಲಿ ಕರಗಿರುತ್ತದೆ. ವಿರಾರ್, ಕಲ್ಯಾಣ್ ಕಡೆಯಿಂದ ಬರುವವನಿಗೆ ಸಂಜೆಯ ಲೋಕಲ್ ರೈಲಿನ ನೂಕುನುಗ್ಗಲು ಎದುರಾಳಿ ತಂಡಕ್ಕಿಂತ ದೊಡ್ಡ ಭಯ. ಅಭ್ಯಾಸ ಇಂತಿಷ್ಟು ಗಂಟೆಗೆ ಮುಗಿಯುತ್ತದೆ ಎಂದರೆ ಮುಗಿಯಲೇಬೇಕು. ಹುಡುಗಿಯರ ತಂಡದಲ್ಲಂತೂ ಇದು ಪ್ರತಿಷ್ಠೆಯ ಮಾತು. ಹಿರಿಯ ವಿದ್ಯಾರ್ಥಿನಿಯೊಬ್ಬಳು ಹೊಸಬರ ಜತೆ ಸ್ಟೇಷನ್‌ವರೆಗೆ ನಡೆದರೆ ಮನೆಯವರ ಅರ್ಧ ಆಕ್ಷೇಪ ಅಲ್ಲಿಯೇ ಮುಗಿಯುತ್ತದೆ. ಹಗಲು ದುಡಿದು ಸಂಜೆ ಕಾಲೇಜಿನಲ್ಲಿ ಬಿ.ಕಾಂ. ಮಾಡಿದ ನಮ್ಮಂಥವರಿಗೆ ಮೈದಾನ ದೂರವೇ ಉಳಿಯಿತು. ಇಂದಿಗೂ ಅರೆಕಾಲಿಕ ದುಡಿಮೆ ಮಾಡುವ ಮಕ್ಕಳಿದ್ದಾರೆ. ಅವರಿಗಾಗಿ ವಾರದಲ್ಲಿ ಒಂದು ದಿನ ಬೆಳಗ್ಗಿನ ಅಭ್ಯಾಸ ಇಡುವುದು ನಾಯಕನ ಕೈಯಲ್ಲೇ ಇದೆ.

ಎಲ್ಲರಿಗೂ ಅಂಗಳದಲ್ಲಿ ಜಾಗ ಸಿಗದು. ಆದರೆ ಎಲ್ಲರಿಗೂ ಒಂದು ಕೆಲಸ ಸಿಗಬೇಕು. ಒಬ್ಬ ಸ್ಕೋರ್ ಪುಸ್ತಕ ಕಲಿಯಲಿ, ಒಬ್ಬ ಹಾಜರಿ ಬರೆಯಲಿ, ಮತ್ತೊಬ್ಬ ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ನೋಡಿಕೊಳ್ಳಲಿ. ಜೆರ್ಸಿಗೆ, ಪ್ರಯಾಣಕ್ಕೆ ಸೇರಿಸಿದ ಹಣದ ಜಮಾ-ಖರ್ಚು ತಿಂಗಳಿಗೊಮ್ಮೆ ಎಲ್ಲರ ಮುಂದೆ ಓದಲ್ಪಡಲಿ. ಐವತ್ತು ರೂಪಾಯಿಯ ಲೆಕ್ಕ ತಪ್ಪಿದರೂ ಐವರು ಬಿಟ್ಟು ಹೋಗುತ್ತಾರೆ. ಮೂರನೆಯ ವರ್ಷದ ನಾಯಕ ಡಿಸೆಂಬರ್ ಒಳಗೆ ತನ್ನ ಉತ್ತರಾಧಿಕಾರಿಯನ್ನು ಗುರುತಿಸಿ, ಉಳಿದ ಅವಧಿಯಲ್ಲಿ ಆತನಿಂದಲೇ ಅಭ್ಯಾಸ ನಡೆಸಬೇಕು. ನಾಯಕನ ಯಶಸ್ಸನ್ನು ಅಳೆಯಬೇಕಾದದ್ದು ಆತ ಹೋದ ಮರುವರ್ಷದ ತಂಡವನ್ನು ನೋಡಿ.

ಇಷ್ಟೆಲ್ಲ ಶ್ರಮದಿಂದ ಲಾಭವೇನು ಎಂದು ಪಾಲಕರು ಕೇಳುವುದು ಸಹಜ. ಅಂತರ ಕಾಲೇಜು ಪಂದ್ಯಗಳಿಂದ ವಿಶ್ವವಿದ್ಯಾನಿಲಯ ತಂಡಕ್ಕೆ, ಅಲ್ಲಿಂದ ಪಶ್ಚಿಮ ವಲಯಕ್ಕೆ, ಮುಂದೆ ಅಖಿಲ ಭಾರತ ಅಂತರ ವಿಶ್ವವಿದ್ಯಾನಿಲಯ ಸ್ಪರ್ಧೆಗೆ ದಾರಿಯಿದೆ. 2020ರಲ್ಲಿ ಒಡಿಶಾದಲ್ಲಿ ಆರಂಭವಾದ ಖೇಲೋ ಇಂಡಿಯಾ ವಿಶ್ವವಿದ್ಯಾನಿಲಯ ಕ್ರೀಡಾಕೂಟ 2022ರಲ್ಲಿ ನಮ್ಮ ಬೆಂಗಳೂರಿನಲ್ಲಿಯೇ ನಡೆಯಿತು. 2014ರಲ್ಲಿ ಪ್ರೊ ಕಬಡ್ಡಿ ಲೀಗ್ ಬಂದ ಮೇಲೆ ಈ ಆಟಕ್ಕೆ ಹಣವೂ ಬಂದಿದೆ. ಆದರೂ ಅಲ್ಲಿಯವರೆಗೆ ತಲುಪುವವರು ಕೆಲವರೇ. ಉಳಿದವರಿಗೆ ಸಿಗುವುದು ಹತ್ತು ಜನರನ್ನು ಒಟ್ಟಿಗೆ ಕೊಂಡೊಯ್ಯುವ ಅಭ್ಯಾಸ. ಅದು ಉದ್ಯೋಗದಲ್ಲೂ ಸಂಸಾರದಲ್ಲೂ ಉಪಯೋಗಕ್ಕೆ ಬರುತ್ತದೆ.

ನಮ್ಮ ಸಂಘ-ಸಂಸ್ಥೆಗಳಿಗೂ ಇದರಲ್ಲಿ ಪಾಠವಿದೆ. ಯುವಕರು ಬರುತ್ತಿಲ್ಲ ಎಂಬುದು ಮಹಾಸಭೆಗಳಲ್ಲಿ ಪ್ರತಿ ವರ್ಷ ಕೇಳಿಬರುವ ಕೊರಗು. ಹತ್ತೊಂಬತ್ತರ ಹರೆಯದಲ್ಲಿ ಮೂವತ್ತು ಮಂದಿಯನ್ನು ಕೂಡಿಸಿ ತಂಡ ಕಟ್ಟಿದ ಹುಡುಗ-ಹುಡುಗಿಯರು ನಮ್ಮ ಮನೆಗಳಲ್ಲೇ ಇದ್ದಾರೆ. ಅವರನ್ನು ವಾರ್ಷಿಕೋತ್ಸವದಲ್ಲಿ ಕುರ್ಚಿ ಜೋಡಿಸಲು ಮಾತ್ರ ಕರೆದರೆ ಯಾಕೆ ಬಂದಾರು? ಸಂಘದ ಕ್ರೀಡಾಕೂಟದ ಹೊಣೆಯನ್ನು ಪೂರ್ತಿಯಾಗಿ ಅವರಿಗೆ ಒಪ್ಪಿಸಿ, ಬಜೆಟ್ ಕೊಟ್ಟು, ಲೆಕ್ಕ ಕೇಳಿ ನೋಡಬಹುದು. ಮಳೆಗಾಲದಲ್ಲಿ ಖಾಲಿ ಇರುವ ಸಭಾಗೃಹವನ್ನು ವಾರಕ್ಕೆರಡು ಸಂಜೆ ಕಾಲೇಜು ತಂಡಗಳ ವ್ಯಾಯಾಮಕ್ಕೆ ಬಿಟ್ಟುಕೊಡಬಹುದು. ಹಿಂದೆ ಆಡಿದ ಹಿರಿಯರು ಭಾನುವಾರ ಒಂದು ಗಂಟೆ ಕಲಿಸಬಹುದು.

ಈ ಜುಲೈಯಲ್ಲಿ ಮಕ್ಕಳು ಕಾಲೇಜಿಗೆ ಸೇರಿದಾಗ ಜಿಮಖಾನಾ ಕೊಠಡಿ ಎಲ್ಲಿದೆ ಎಂದು ಒಮ್ಮೆ ವಿಚಾರಿಸಲು ಹೇಳಿ. ಅಲ್ಲಿ ಹದಿಮೂರು ಮಂದಿ ಇನ್ನೊಬ್ಬನಿಗಾಗಿ ಕಾಯುತ್ತಿರಬಹುದು.