ಆಟದ ಪೆಟ್ಟಿಗೆಯಿಂದ ಆಟದ ಗಣಕಕ್ಕೆ

ನಮ್ಮ ತಂದೆಯವರ ಕಾಲದಲ್ಲಿ ಹಳೇ ಹುಬ್ಬಳ್ಳಿಯ ಮನೆಗಳಲ್ಲಿ ಎರಡು ಬಗೆಯ ರೇಡಿಯೋಗಳಿದ್ದವು. ಅಂಗಡಿಯಿಂದ ಕೊಂಡು ತಂದವು ಒಂದು ಬಗೆ; ಬಿಡಿಭಾಗಗಳನ್ನು ತಂದು ಬೆಸುಗೆ ಹಾಕಿ ಮನೆಯಲ್ಲಿಯೇ ಕೂಡಿಸಿದವು ಇನ್ನೊಂದು. ಧಾರವಾಡ ಆಕಾಶವಾಣಿಯ ಧ್ವನಿ ಎರಡರಿಂದಲೂ ಬರುತ್ತಿತ್ತು. ಆದರೆ ಎರಡನೆಯದು ಕೆಟ್ಟರೆ ಅದನ್ನು ಬಿಚ್ಚುವ ಧೈರ್ಯ ಮನೆಯವರಿಗಿರುತ್ತಿತ್ತು. 2023ರಲ್ಲಿ ನನ್ನ ಮಗ ತನ್ನ ಆಟದ ಕನ್ಸೋಲನ್ನು ಬದಿಗಿರಿಸಿ, ಆಟಕ್ಕೂ ತನ್ನ ಇಂಜಿನಿಯರಿಂಗ್ ಓದಿನ ನಕಾಶೆಗಳಿಗೂ ಒದಗುವ ಗಣಕಯಂತ್ರವನ್ನು ತಾನೇ ಜೋಡಿಸುವೆನೆಂದಾಗ ಇದು ನೆನಪಾಯಿತು. ಅವನು ಕೇಳಿದ್ದು 70,000 ರೂಪಾಯಿ. ಮಾಳಿಗೆಯ ಸೋರಿಕೆ ನಿಲ್ಲಿಸಲೆಂದು ಎರಡು ವರ್ಷ ಕೂಡಿಟ್ಟ ಹಣ ಅಷ್ಟೇ ಇತ್ತು. ಕೊಡುವ ಮೊದಲು ವಿಷಯವನ್ನು ತಿಳಿದುಕೊಳ್ಳಬೇಕೆಂದು ನಾನೇ ಅವನ ಮುಂದೆ ವಿದ್ಯಾರ್ಥಿಯಾಗಿ ಕುಳಿತೆನು.

ಕನ್ಸೋಲು ಎಂಬುದು ಮುಚ್ಚಿದ ಪೆಟ್ಟಿಗೆ. ನಮ್ಮಲ್ಲಿದ್ದ ಪ್ಲೇಸ್ಟೇಷನ್ 5 ಭಾರತದ ಮಾರುಕಟ್ಟೆಗೆ ಬಂದುದು 2021ರ ಫೆಬ್ರುವರಿಯಲ್ಲಿ. ತಟ್ಟೆ ಹಾಕುವ ಮಾದರಿಗೆ ಆಗ 49,990 ರೂಪಾಯಿ. ಲೆಕ್ಕ ಮಾಡುವ ಭಾಗ, ಚಿತ್ರ ಬಿಡಿಸುವ ಭಾಗ ಎರಡೂ ಅದರಲ್ಲಿ ಒಂದೇ ಚಿಪ್ಪಿನಲ್ಲಿವೆ. ಎರಡಕ್ಕೂ ಸೇರಿ 16 ಜಿಬಿ ಮೆಮೊರಿ. ಆಟ ಬರೆಯುವವರು ಈ ಒಂದು ಯಂತ್ರವನ್ನು ಕಣ್ಣ ಮುಂದಿಟ್ಟುಕೊಂಡು ಬರೆಯುವುದರಿಂದ ಆಡುವವನಿಗೆ ಯಾವ ಚಿಂತೆಯೂ ಇಲ್ಲ. ಆದರೆ ಸಂಗ್ರಹದ ಸ್ಥಳವನ್ನು ಹೆಚ್ಚಿಸಿಕೊಳ್ಳಬಹುದೇ ಹೊರತು ಚಿಪ್ಪನ್ನಾಗಲಿ ಮೆಮೊರಿಯನ್ನಾಗಲಿ ಬದಲಿಸಲಾಗದು.

ಗಣಕದ ಕಥೆ ಬೇರೆ. 1981ರಲ್ಲಿ ಐ.ಬಿ.ಎಂ. ಸಂಸ್ಥೆಯು ತನ್ನ ಪರ್ಸನಲ್ ಕಂಪ್ಯೂಟರನ್ನು ಪೇಟೆಯಲ್ಲಿ ದೊರೆಯುವ ಭಾಗಗಳಿಂದಲೇ ಕಟ್ಟಿ, ಅದರ ತಾಂತ್ರಿಕ ವಿವರಗಳನ್ನೂ ಪ್ರಕಟಿಸಿತು. ಇತರರು ಅದಕ್ಕೆ ಹೊಂದುವ ಭಾಗಗಳನ್ನು ಮಾಡತೊಡಗಿದರು. 1995ರಲ್ಲಿ ಇಂಟೆಲ್ ಸಂಸ್ಥೆಯು ಎ.ಟಿ.ಎಕ್ಸ್. ಎಂಬ ಅಳತೆಯನ್ನು ಗೊತ್ತುಮಾಡಿದ ಮೇಲೆ ಮದರ್‌ಬೋರ್ಡು, ವಿದ್ಯುತ್ ಪೂರೈಕೆಯ ಡಬ್ಬಿ, ಹೊರಕವಚ ಇವು ಮೂರೂ ಬೇರೆ ಬೇರೆ ಕಡೆಯಿಂದ ಬಂದರೂ ಒಂದರೊಳಗೊಂದು ಕೂಡುವಂತಾದವು.

ಕೂಡುತ್ತವೆ ಎಂದೆ, ಎಲ್ಲವೂ ಎಲ್ಲದರೊಡನೆ ಕೂಡುವುದಿಲ್ಲ. ಸಂಸ್ಕೃತ ಶಬ್ದಕ್ಕೆ ಕನ್ನಡ ಶಬ್ದವನ್ನು ಬೆಸೆದರೆ ಅರಿಸಮಾಸವಾಗುತ್ತದೆಂದು ತರಗತಿಯಲ್ಲಿ ಹೇಳುತ್ತ ಬಂದವನು ನಾನು. ಇಲ್ಲಿಯೂ ಅದೇ ದೋಷವುಂಟು. ಎ.ಎಂ.ಡಿ.ಯವರ ಎ.ಎಂ.4 ಕುಳಿಯ ಬೋರ್ಡಿಗೆ ಡಿ.ಡಿ.ಆರ್.4 ಮೆಮೊರಿ ಬೇಕು. 2022ರಲ್ಲಿ ಬಂದ ಎ.ಎಂ.5ಕ್ಕೆ ಡಿ.ಡಿ.ಆರ್.5. ಒಂದರ ಪಟ್ಟಿ ಇನ್ನೊಂದರ ಸೀಳಿನಲ್ಲಿ ಕೂಡ್ರದಂತೆ ಕಚ್ಚಿನ ಸ್ಥಾನವನ್ನೇ ಬೇರೆ ಇಟ್ಟಿದ್ದಾರೆ. ರೂಢಿಯಿಂದ ಬಂದ ಕೆಲವು ಅರಿಸಮಾಸಗಳನ್ನು ವೈಯಾಕರಣರು ಒಪ್ಪಿಕೊಂಡಿದ್ದಾರೆ. ಮದರ್‌ಬೋರ್ಡು ಒಂದನ್ನೂ ಒಪ್ಪುವುದಿಲ್ಲ.

ಹೊಸಬರು ಗ್ರಾಫಿಕ್ಸ್ ಕಾರ್ಡಿಗೆ ಮನಸೋತು ಎಲ್ಲ ಹಣವನ್ನೂ ಅದಕ್ಕೆ ಸುರಿದು, ವಿದ್ಯುತ್ ಪೂರೈಕೆಯ ಡಬ್ಬಿಯಲ್ಲಿ ಉಳಿತಾಯ ಮಾಡಹೋಗುತ್ತಾರೆ. ನನ್ನ ಬುದ್ಧಿಗೆ ಇದು ಅಡಿಪಾಯದ ಕಲ್ಲು ತೆಗೆದು ಗೋಪುರಕ್ಕೆ ಏರಿಸಿದಂತೆ. ಗೋಡೆಯ 230 ವೋಲ್ಟನ್ನು 12 ವೋಲ್ಟು ಮೊದಲಾದ ಸಣ್ಣ ಒತ್ತಡಗಳಿಗೆ ಇಳಿಸಿ ಎಲ್ಲ ಭಾಗಗಳಿಗೂ ಉಣಿಸುವುದು ಈ ಡಬ್ಬಿಯೇ. ಅದು ಕೆಟ್ಟರೆ ಒಮ್ಮೊಮ್ಮೆ ಒಂಟಿಯಾಗಿ ಕೆಡದೆ ಪಂಕ್ತಿಯಲ್ಲಿದ್ದವರನ್ನೂ ಕರೆದೊಯ್ಯುತ್ತದೆ. ಮೈಮೇಲಿನ 80 ಪ್ಲಸ್ ಎಂಬ ಮುದ್ರೆ ವಿದ್ಯುತ್ತು ಎಷ್ಟು ಪೋಲಾಗದೆ ಉಳಿಯುತ್ತದೆಂಬುದನ್ನಷ್ಟೇ ಹೇಳುತ್ತದೆ, ರಕ್ಷಣೆಯ ಮಾತನ್ನಲ್ಲ. ಅಂಗಡಿಯೊಂದರಲ್ಲಿ ಕವಚದೊಡನೆ ಪುಕ್ಕಟೆ ಡಬ್ಬಿ ಕೊಡಹೋದರು. ಮಗ, “ಬ್ಯಾಡ್ರಿ” ಎಂದು ಎದ್ದುಬಂದ. ನಮ್ಮ ಪ್ರೊಸೆಸರು 65 ವ್ಯಾಟಿನದು, ಕಾರ್ಡು 132 ವ್ಯಾಟಿನದು. ಮಿಕ್ಕವನ್ನು ಸೇರಿಸಿ, ಎಡೆಯನ್ನೂ ಬಿಟ್ಟು 550 ವ್ಯಾಟಿನ ಡಬ್ಬಿ ಕೊಂಡೆವು. ಯು.ಪಿ.ಎಸ್. ಕೊಳ್ಳುವವರು ಗಮನಿಸಬೇಕು: 600 ವಿ.ಎ. ಎಂದರೆ 600 ವ್ಯಾಟಲ್ಲ. ಸಾಮಾನ್ಯವಾಗಿ 360ರ ಆಸುಪಾಸು.

ಖರ್ಚಿನಲ್ಲಿ ಇನ್ನೊಂದು ಎಳೆಯಿದೆ. ಗಣಕದಲ್ಲಿ ಅಂತರ್ಜಾಲದ ಮೂಲಕ ಇತರರೊಡನೆ ಆಡಲು ಕನ್ಸೋಲಿನಂತೆ ಚಂದಾ ಕೊಡಬೇಕಿಲ್ಲ. ಹಳೆಯ ಆಟಗಳು ರಿಯಾಯಿತಿಯಲ್ಲಿ ಸಿಗುತ್ತವೆ. ಆದರೆ ಕನ್ಸೋಲಿಗಾಗಿ ಕೊಂಡ ತಟ್ಟೆಗಳು ಇಲ್ಲಿ ಓಡುವುದಿಲ್ಲ, ಬೇಕಾದವನ್ನು ಮತ್ತೆ ಕೊಳ್ಳಬೇಕು. ತಟ್ಟೆಯನ್ನು ಗೆಳೆಯನಿಗೆ ಎರವು ಕೊಡುವ ಸುಖವೂ ಇಲ್ಲ. ಕೈಯಲ್ಲಿ ಹಿಡಿಯುವ ಕಂಟ್ರೋಲರು ಮಾತ್ರ ಎರಡಕ್ಕೂ ನಡೆಯುತ್ತದೆ. ಬರಿಯ ಆಟಕ್ಕಾದರೆ ಕನ್ಸೋಲೇ ಸಾಕು ಎಂಬುದು ನನ್ನ ಅಭಿಪ್ರಾಯ. ನಾನು ಹಣ ಕೊಟ್ಟುದು ನಕಾಶೆಗಳಿಗಾಗಿ. 2025ರ ಕೊನೆಗೆ ಮೆಮೊರಿಯ ಬೆಲೆ ಬಹಳ ಏರಿತಾದ್ದರಿಂದ ನಮ್ಮ ಅಂದಿನ ಲೆಕ್ಕವನ್ನು ಯಾರೂ ಮಾದರಿಯಾಗಿ ಹಿಡಿಯಬಾರದು.

ಜೋಡಿಸಿದ ರಾತ್ರಿಯನ್ನು ಮರೆಯಲಾರೆ. ಪಂಖಗಳು ತಿರುಗಿದವು, ಪರದೆ ಕಪ್ಪಾಗಿಯೇ ಉಳಿಯಿತು. “ಅಪ್ಪಾ, ಸುಟ್ಟಿತೇನೋ?” ಎಂದ ಮಗನ ಮುಖ ನೋಡಲಾಗಲಿಲ್ಲ. ಎರಡು ತಾಸು ಬಿಚ್ಚಿ ಕಟ್ಟಿದೆವು. ಕಡೆಗೆ ತಿಳಿಯಿತು: ಪರದೆಯ ತಂತಿಯನ್ನು ಕಾರ್ಡಿಗೆ ಕೊಡುವ ಬದಲು ಮದರ್‌ಬೋರ್ಡಿನ ರಂಧ್ರಕ್ಕೆ ಚುಚ್ಚಲಾಗಿತ್ತು. ನಮ್ಮ ಪ್ರೊಸೆಸರಿನಲ್ಲಿ ಚಿತ್ರ ಬಿಡಿಸುವ ಭಾಗವಿಲ್ಲವಾದ್ದರಿಂದ ಅಲ್ಲಿಂದ ಏನೂ ಬರುವಂತಿರಲಿಲ್ಲ. ಚುಚ್ಚಿದವನು ನಾನೇ.

ಮಾಳಿಗೆಗೆ ಆ ಮಳೆಗಾಲ ತಾಡಪತ್ರಿಯೇ ಗತಿಯಾಯಿತು. ಗಣಕವನ್ನು ಸೋರದ ಮೂಲೆಯಲ್ಲಿ, ಗೋಡೆಯಿಂದ ಒಂದು ಗೇಣು ದೂರ, ಗಾಳಿಯಾಡುವಂತೆ ಇಟ್ಟೆವು. ತಿಂಗಳಿಗೊಮ್ಮೆ ಅದರ ಜಾಲರಿಯ ಧೂಳನ್ನು ನಾನೇ ಕುಂಚದಿಂದ ತೆಗೆಯುತ್ತೇನೆ. ಕನ್ಸೋಲು ಮಗಳ ಪಾಲಾಗಿ ಪಡಸಾಲೆಯ ಟಿ.ವಿ.ಯ ಕೆಳಗೆ ಕುಳಿತಿದೆ. ಅಣ್ಣನ ತಟ್ಟೆಗಳೆಲ್ಲ ಈಗ ಅವಳವು.