ಜ್ವರ ಇಳಿದ ಮೇಲೆ ಕಣ್ಣು ಕೆಂಪಾದರೆ

ಚಿಕುನ್‌ಗುನ್ಯ ಎಂದೊಡನೆ ನಮಗೆ ನೆನಪಾಗುವುದು ಕೀಲುನೋವು. ಹೆಸರೇ ಅದನ್ನು ಹೇಳುತ್ತದೆ. ಆಫ್ರಿಕದ ಮಕೊಂಡೆ ಜನರ ಭಾಷೆಯಲ್ಲಿ ಈ ಪದಕ್ಕೆ ‘ಬಾಗಿ ಹೋಗುವುದು’ ಎಂಬ ಅರ್ಥವಿದೆ. 1952ರಲ್ಲಿ ಇಂದಿನ ಟಾಂಜಾನಿಯದಲ್ಲಿ ಗುರುತಿಸಲಾದ ಈ ರೋಗ 1963ರಲ್ಲಿ ಕೊಲ್ಕತ್ತದಲ್ಲಿ ಕಾಣಿಸಿಕೊಂಡಿತ್ತು. 1973ರ ನಂತರ ಮೂರು ದಶಕಗಳ ಕಾಲ ಭಾರತದಲ್ಲಿ ಅದರ ದೊಡ್ಡ ಹಾವಳಿ ಇರಲಿಲ್ಲ. 2005ರ ಕೊನೆಯಲ್ಲಿ ಅದು ಮರಳಿ ಬಂದಾಗ ಹೆಚ್ಚು ಪೆಟ್ಟು ತಿಂದದ್ದು ಕರ್ನಾಟಕ. 2006ರಲ್ಲಿ ದೇಶದಲ್ಲಿ ವರದಿಯಾದ ಸುಮಾರು 13.9 ಲಕ್ಷ ಶಂಕಿತ ಪ್ರಕರಣಗಳ ಪೈಕಿ 7.5 ಲಕ್ಷಕ್ಕೂ ಹೆಚ್ಚು ನಮ್ಮ ರಾಜ್ಯದವು. ನಾನು ವಾಸಿಸುವ ಬೆಂಗಳೂರಿನ ತ್ಯಾಗರಾಜನಗರದಲ್ಲೂ ಗೋಡೆ ಹಿಡಿದು ಮೆಟ್ಟಿಲಿಳಿಯುವವರು ಆ ವರ್ಷ ಕಾಣಸಿಗುತ್ತಿದ್ದರು. ಹೆಸರು ‘ಚಿಕನ್’ ಎಂಬಂತೆ ಕೇಳಿಸಿದ್ದರಿಂದ ಕೋಳಿ ಮಾಂಸ ಬಿಟ್ಟವರೂ ಉಂಟು!

ಕೀಲುನೋವಿನ ಗದ್ದಲದಲ್ಲಿ ಹೆಚ್ಚು ಜನರ ಗಮನಕ್ಕೆ ಬಾರದ ಇನ್ನೊಂದು ಸಂಗತಿ ನಡೆದಿತ್ತು. ಜ್ವರದಿಂದ ಚೇತರಿಸಿಕೊಂಡ ಕೆಲವರು ಕೆಲವು ವಾರಗಳ ನಂತರ ಕಣ್ಣು ಕೆಂಪಾಗಿದೆ, ನೋಯುತ್ತಿದೆ, ದೃಷ್ಟಿ ಮಂಜಾಗಿದೆ ಎಂದು ನೇತ್ರವೈದ್ಯರ ಬಳಿಗೆ ಬಂದರು. ಬೆಂಗಳೂರಿನ ನಾರಾಯಣ ನೇತ್ರಾಲಯದ ವೈದ್ಯರು ಇಂಥ ಒಂಬತ್ತು ರೋಗಿಗಳನ್ನು ಅಧ್ಯಯನ ಮಾಡಿ 2008ರಲ್ಲಿ ವರದಿ ಪ್ರಕಟಿಸಿದರು. ಐವರಲ್ಲಿ ಕಣ್ಣಿನ ಐರಿಸ್ ಭಾಗದಲ್ಲಿ ಉರಿಯೂತ, ಮೂವರಲ್ಲಿ ಅಕ್ಷಿಪಟಲದ ಉರಿಯೂತ, ಒಬ್ಬರಲ್ಲಿ ಕಣ್ಣಿನ ಬಿಳಿಭಾಗದ ಮೇಲುಪದರದ ಉರಿಯೂತ ಕಂಡುಬಂದಿತ್ತು. ಜ್ವರ ಬಿಟ್ಟ ಮೇಲೆ ಕಣ್ಣಿಗೇಕೆ ಈ ಕಾಟ?

ಉರಿಯೂತವೆಂಬ ರಕ್ಷಣೆ

ಉರಿಯೂತ ಸ್ವತಃ ರೋಗವಲ್ಲ. ಅದು ದೇಹದ ರಕ್ಷಣಾ ಕ್ರಮ. ಕಾಲಿಗೆ ಮುಳ್ಳು ಚುಚ್ಚಿದಾಗ ಆ ಜಾಗ ಕೆಂಪಾಗಿ, ಬಿಸಿಯಾಗಿ, ಊದಿಕೊಂಡು ನೋಯುವುದನ್ನು ನೀವು ಬಲ್ಲಿರಿ. ಅಲ್ಲಿಯ ಸೂಕ್ಷ್ಮ ರಕ್ತನಾಳಗಳು ಹಿಗ್ಗುತ್ತವೆ, ಅವುಗಳ ಗೋಡೆಗಳು ಸಡಿಲವಾಗುತ್ತವೆ. ರಕ್ತದಲ್ಲಿರುವ ಪ್ರೋಟೀನುಗಳೂ ಬಿಳಿ ರಕ್ತಕಣಗಳೂ ಹೊರಗೆ ಹರಿದು ಬಂದು ರೋಗಾಣುಗಳ ಮೇಲೆ ಬೀಳುತ್ತವೆ. ಕಾಲಿನಲ್ಲಾದರೆ ಇದರಿಂದ ನಷ್ಟವಿಲ್ಲ. ನಾಲ್ಕು ದಿನ ಊದಿ ಇಳಿಯುತ್ತದೆ.

ಆದರೆ ಕಣ್ಣಿನ ಮಾತು ಬೇರೆ. ಕಣ್ಣು ಬೆಳಕು ಹಾದುಹೋಗಬೇಕಾದ ಅಂಗ. ಕಾರ್ನಿಯ, ಮಸೂರ, ಇವುಗಳ ನಡುವಣ ತಿಳಿದ್ರವ, ಎಲ್ಲವೂ ಪಾರದರ್ಶಕವಾಗಿರಬೇಕು. ಕಾರ್ನಿಯದಲ್ಲಿ ರಕ್ತನಾಳಗಳೇ ಇಲ್ಲ. ರಕ್ತದ ದ್ರವಭಾಗದಲ್ಲಿ ಪ್ರತಿ 100 ಮಿಲಿಲೀಟರಿಗೆ ಸುಮಾರು 7 ಗ್ರಾಂ ಪ್ರೋಟೀನ್ ಇದ್ದರೆ, ತಿಳಿದ್ರವದಲ್ಲಿ ಇರುವುದು ಅದರ ಕೆಲವು ನೂರರಲ್ಲಿ ಒಂದು ಪಾಲು ಮಾತ್ರ. ರಕ್ತಕ್ಕೂ ಈ ದ್ರವಕ್ಕೂ ನಡುವೆ ಒಂದು ಬಿಗಿಯಾದ ತಡೆ ಇರುವುದರಿಂದ ಇದು ಸಾಧ್ಯವಾಗಿದೆ. ಆ ತಡೆ ಸಡಿಲಗೊಂಡರೆ ರಕ್ಷಣೆಗೆ ಬಂದ ಕಣಗಳೇ ಬೆಳಕಿಗೆ ಅಡ್ಡಿಯಾಗುತ್ತವೆ.

ಆದ್ದರಿಂದಲೇ ದೇಹದ ರೋಗನಿರೋಧಕ ವ್ಯವಸ್ಥೆ ಕಣ್ಣಿನೊಳಗೆ ಸೌಮ್ಯವಾಗಿ ವರ್ತಿಸುತ್ತದೆ. ಬ್ರಿಟಿಷ್ ವಿಜ್ಞಾನಿ ಪೀಟರ್ ಮೆಡಾವರ್ 1948ರಲ್ಲಿ ಇದನ್ನು ಪ್ರಯೋಗದ ಮೂಲಕ ತೋರಿಸಿದರು. ಬೇರೊಂದು ಪ್ರಾಣಿಯ ಚರ್ಮದ ತುಣುಕನ್ನು ಮೈಮೇಲೆ ಕಸಿ ಮಾಡಿದರೆ ದೇಹ ಅದನ್ನು ಬೇಗ ತಿರಸ್ಕರಿಸುತ್ತದೆ; ಕಣ್ಣಿನ ಮುಂಗೋಣೆಯಲ್ಲಿ ಇಟ್ಟರೆ ಬಹಳ ಕಾಲ ಉಳಿಯಬಲ್ಲದು. ಕಣ್ಣಿಗಿರುವ ಈ ವಿನಾಯಿತಿಯನ್ನು ಪ್ರತಿರಕ್ಷಾ ಸವಲತ್ತು ಎನ್ನಬಹುದು. ಕಣ್ಣಿನ ದ್ರವದಲ್ಲಿರುವ ಕೆಲವು ಪ್ರೋಟೀನುಗಳು ಬಿಳಿ ರಕ್ತಕಣಗಳ ಉಗ್ರತೆಯನ್ನು ತಗ್ಗಿಸುತ್ತವೆ.

ದೂಳಿನ ಕೋಲು ಮತ್ತು ಸ್ಲಿಟ್ ಲ್ಯಾಂಪ್

ತಡೆ ಸಡಿಲಗೊಂಡಿರುವುದು ವೈದ್ಯರಿಗೆ ತಿಳಿಯುವುದು ಹೇಗೆ? ಇಲ್ಲಿ ಭೌತವಿಜ್ಞಾನ ನೆರವಿಗೆ ಬರುತ್ತದೆ. ಹಂಚಿನ ಸಂದಿನಿಂದ ಕತ್ತಲ ಕೋಣೆಗೆ ಬೀಳುವ ಬಿಸಿಲುಕೋಲಿನಲ್ಲಿ ದೂಳಿನ ಕಣಗಳು ಮಿನುಗುವುದನ್ನು ನೀವು ನೋಡಿದ್ದೀರಿ. ಕಣಗಳು ಬೆಳಕನ್ನು ಚದರಿಸುವುದೇ ಇದಕ್ಕೆ ಕಾರಣ. ಇದಕ್ಕೆ ಟಿಂಡಾಲ್ ಪರಿಣಾಮ ಎಂದು ಹೆಸರು.

ಶಿಕ್ಷಕರು ಇದನ್ನು ತರಗತಿಯಲ್ಲಿ ಸುಲಭವಾಗಿ ತೋರಿಸಬಹುದು. ಕೋಣೆಯನ್ನು ಕತ್ತಲಾಗಿಸಿ, ಗಾಜಿನ ಲೋಟದಲ್ಲಿ ಶುದ್ಧ ನೀರು ತುಂಬಿ. ಟಾರ್ಚಿನ ಗಾಜಿಗೆ ಕಪ್ಪು ಕಾಗದ ಅಂಟಿಸಿ ಅದರಲ್ಲಿ ತೆಳುವಾದ ಸೀಳು ಮಾಡಿ, ಬೆಳಕನ್ನು ನೀರಿನ ಮೂಲಕ ಹಾಯಿಸಿ ಪಕ್ಕದಿಂದ ನೋಡಿ. ಬೆಳಕಿನ ದಾರಿ ಕಾಣುವುದೇ ಇಲ್ಲ ಎನ್ನಬಹುದು. ಈಗ ಎರಡು ತೊಟ್ಟು ಹಾಲು ಹಾಕಿ ಕಲಕಿ. ದಾರಿ ಬೆಳ್ಳಗೆ ಹೊಳೆಯುತ್ತದೆ.

1911ರಲ್ಲಿ ಸ್ವೀಡನ್ನಿನ ಆಲ್ವಾರ್ ಗುಲ್‌ಸ್ಟ್ರಾಂಡ್ ರೂಪಿಸಿದ ಸ್ಲಿಟ್ ಲ್ಯಾಂಪ್ ಉಪಕರಣದಲ್ಲಿ ನಡೆಯುವುದೂ ಇದೇ. ತೆಳುವಾದ ಬೆಳಕಿನ ಹಾಳೆಯನ್ನು ಓರೆಯಾಗಿ ಕಣ್ಣಿನೊಳಗೆ ಕಳುಹಿಸಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಆರೋಗ್ಯವಂತ ಕಣ್ಣಿನಲ್ಲಿ ಕಾರ್ನಿಯಕ್ಕೂ ಮಸೂರಕ್ಕೂ ನಡುವಿನ ಜಾಗ ಕಪ್ಪಾಗಿರುತ್ತದೆ. ಉರಿಯೂತವಿದ್ದರೆ ಸೋರಿಬಂದ ಪ್ರೋಟೀನುಗಳಿಂದ ಅಲ್ಲಿ ಮಂಜು ಕವಿದಂತಿರುತ್ತದೆ. ಸುಮಾರು 10 ಮೈಕ್ರೊಮೀಟರ್ ಗಾತ್ರದ ಬಿಳಿ ರಕ್ತಕಣಗಳು ಒಂದೊಂದಾಗಿ ಮಿನುಗುತ್ತವೆ. ಒಂದು ಮಿಲಿಮೀಟರ್ ಉದ್ದ, ಒಂದು ಮಿಲಿಮೀಟರ್ ಅಗಲದ ಬೆಳಕಿನಲ್ಲಿ ಅವನ್ನು ಎಣಿಸುತ್ತಾರೆ. 6ರಿಂದ 15 ಕಂಡರೆ ಒಂದನೆಯ ದರ್ಜೆ. 50ಕ್ಕಿಂತ ಹೆಚ್ಚು ಕಂಡರೆ ನಾಲ್ಕನೆಯ ದರ್ಜೆ. ಚಿಕುನ್‌ಗುನ್ಯ ವೈರಸ್ ಮಾತ್ರ ಇಲ್ಲಿ ಕಾಣದು. ಅದರ ವ್ಯಾಸ 60–70 ನ್ಯಾನೊಮೀಟರ್. ಕಣ್ಣಿಗೆ ಕಾಣುವ ಬೆಳಕಿನ ತರಂಗದೂರ 400ರಿಂದ 700 ನ್ಯಾನೊಮೀಟರ್. ನಾವು ನೋಡುವುದು ಕಳ್ಳನನ್ನಲ್ಲ, ಕಳ್ಳನನ್ನು ಹುಡುಕಿ ಬಂದ ಪೊಲೀಸರನ್ನು!

ತಪ್ಪು ವೈರಸ್ಸಿನದೋ ರಕ್ಷಣೆಯದೋ?

ವೈರಸ್ ದೇಹಕ್ಕೆ ನುಗ್ಗಿದಾಗ ಮೊದಲ ದಿನಗಳಲ್ಲಿ ಇಂಟರ್‌ಫೆರಾನ್ ಎಂಬ ಪ್ರೋಟೀನುಗಳು ಅದರ ವೃದ್ಧಿಯನ್ನು ತಡೆಯುತ್ತವೆ. ಸುಮಾರು ಒಂದು ವಾರದೊಳಗೆ ಪ್ರತಿಕಾಯಗಳು ಕಾಣಿಸಿಕೊಂಡು ರಕ್ತದಿಂದ ವೈರಸ್ಸನ್ನು ತೆರವುಗೊಳಿಸುತ್ತವೆ. ಜ್ವರ ಇಳಿಯುತ್ತದೆ. ಆದರೆ ಕಣ್ಣಿನೊಳಗೆ ರಕ್ಷಣೆ ಸೌಮ್ಯವಾಗಿದೆಯಷ್ಟೆ? ಅಲ್ಲಿ ವೈರಸ್ ಹೆಚ್ಚು ದಿನ ಉಳಿಯಬಹುದು. ಇದಕ್ಕೆ ಎದ್ದುಕಾಣುವ ನಿದರ್ಶನ ಎಬೋಲ ರೋಗದಲ್ಲಿದೆ. 2014ರಲ್ಲಿ ಎಬೋಲದಿಂದ ಗುಣವಾದ ವೈದ್ಯ ಇಯಾನ್ ಕ್ರೋಜಿಯರ್ ಅವರ ರಕ್ತದಲ್ಲಿ ವೈರಸ್ ಇರಲಿಲ್ಲ. ಆದರೂ ಕೆಲವು ವಾರಗಳ ಬಳಿಕ ಒಂದು ಕಣ್ಣಿನಲ್ಲಿ ತೀವ್ರ ಉರಿಯೂತವಾಗಿ, ಆ ಕಣ್ಣಿನ ದ್ರವದಲ್ಲಿ ಜೀವಂತ ಎಬೋಲ ವೈರಸ್ ಸಿಕ್ಕಿತು. ನೀಲಿಯಾಗಿದ್ದ ಅವರ ಐರಿಸ್ ಸ್ವಲ್ಪ ಕಾಲ ಹಸಿರಾಗಿತ್ತು.

ಇನ್ನೊಂದು ದಾರಿಯೂ ಇದೆ. ವೈರಸ್ ಹೋದ ಮೇಲೂ ಅದರ ಪ್ರೋಟೀನಿನ ಚೂರುಗಳು ಅಂಗಾಂಶದಲ್ಲಿ ಉಳಿದಿದ್ದರೆ ಬಿಳಿ ರಕ್ತಕಣಗಳು ಅವುಗಳ ಮೇಲೆ ದಾಳಿ ಮುಂದುವರಿಸುತ್ತವೆ. ಸಾಮಾನ್ಯ ಕಣ್ಣುಬೇನೆಯಲ್ಲೇ ಇದನ್ನು ಕಾಣಬಹುದು. ಅಡಿನೊವೈರಸ್‌ನಿಂದ ಬರುವ ಬೇನೆಯಲ್ಲಿ ಕೆಂಪು ಇಳಿದ ಮೇಲೆ ಕೆಲವರ ಕಾರ್ನಿಯದಲ್ಲಿ ಪುಟ್ಟ ಬಿಳಿ ಚುಕ್ಕೆಗಳು ಮೂಡಿ ತಿಂಗಳುಗಟ್ಟಲೆ ದೃಷ್ಟಿ ಮಸುಕಾಗುತ್ತದೆ. ಅವು ಉಳಿದ ಪ್ರತಿಜನಕಗಳ ಸುತ್ತ ನೆರೆದ ಬಿಳಿ ರಕ್ತಕಣಗಳು. ಚಿಕುನ್‌ಗುನ್ಯದಲ್ಲಿ ಈ ಎರಡು ದಾರಿಗಳೂ ಸೇರಿಕೊಳ್ಳಬಹುದು.

ಎಲ್ಲ ಕೆಂಗಣ್ಣೂ ಒಂದೇ ಅಲ್ಲ

2023ರ ಮಳೆಗಾಲದಲ್ಲಿ ರಾಜ್ಯದಲ್ಲೆಲ್ಲ ‘ಮದ್ರಾಸ್ ಐ’ ಹರಡಿದ್ದು ನಿಮಗೆ ನೆನಪಿರಬಹುದು. ಅದು ಕಣ್ಣಿನ ಹೊರಪೊರೆಯ ಉರಿಯೂತ. ರೆಪ್ಪೆಯ ಒಳಭಾಗವೂ ಸೇರಿ ಬಿಳಿಭಾಗವೆಲ್ಲ ಕೆಂಪಾಗುತ್ತದೆ, ನೀರು ಸುರಿಯುತ್ತದೆ, ಪಿಸುರು ಕಟ್ಟುತ್ತದೆ. ಒರೆಸಿಕೊಂಡರೆ ಸಾಮಾನ್ಯವಾಗಿ ದೃಷ್ಟಿ ಸರಿಯಾಗಿಯೇ ಇರುತ್ತದೆ. ರೋಗಿಯನ್ನು ನೋಡಿದ ಮಾತ್ರಕ್ಕೆ ಅದು ಅಂಟುವುದಿಲ್ಲ. ಕೈ, ಟವೆಲು, ದಿಂಬಿನ ಮೂಲಕ ಹರಡುತ್ತದೆ.

ಒಳಗಿನ ಉರಿಯೂತದ ಲಕ್ಷಣಗಳೇ ಬೇರೆ. ಕೆಂಪು ಕಾರ್ನಿಯದ ಸುತ್ತ ಉಂಗುರದಂತೆ ದಟ್ಟವಾಗಿರುತ್ತದೆ. ಪಿಸುರು ಇರುವುದಿಲ್ಲ. ಕಣ್ಣಿನಾಳದಲ್ಲಿ ನೋವು, ಬೆಳಕು ಕಂಡರೆ ಆಗದಿರುವಿಕೆ, ಮಂಜು ದೃಷ್ಟಿ ಇರುತ್ತವೆ. ಅಕ್ಷಿಪಟಲದ ಉರಿಯೂತದಲ್ಲಿ ಕಣ್ಣು ಕೆಂಪಾಗದೆಯೇ ದೃಷ್ಟಿ ಕುಂದಬಹುದು.

ಅಲಕ್ಷಿಸಿದರೆ ಅಪಾಯವೇನು? ಸೋರಿಬಂದ ಅಂಟು ಪ್ರೋಟೀನು ಐರಿಸನ್ನು ಮಸೂರಕ್ಕೆ ಅಂಟಿಸಿಬಿಡಬಹುದು. ಮುಂಗೋಣೆಯಲ್ಲಿರುವ ದ್ರವ ಸುಮಾರು 0.25 ಮಿಲಿಲೀಟರ್, ನಿಮಿಷಕ್ಕೆ ಸುಮಾರು 0.0025 ಮಿಲಿಲೀಟರ್ ಹೊಸದಾಗಿ ಬರುತ್ತದೆ. ಅಂದರೆ ನೂರು ನಿಮಿಷಕ್ಕೊಮ್ಮೆ ಪೂರ್ತಿ ಬದಲಾಗುತ್ತದೆ. ಈ ಹರಿವಿನ ದಾರಿ ಕಟ್ಟಿಕೊಂಡರೆ ಒತ್ತಡ ಸಹಜವಾದ 10–21 ಮಿಲಿಮೀಟರ್ ಪಾದರಸವನ್ನು ಮೀರಿ ದೃಷ್ಟಿನರವನ್ನು ಘಾಸಿಗೊಳಿಸುತ್ತದೆ.

ಇಂಥ ಉರಿಯೂತಕ್ಕೆ ವೈದ್ಯರು ಸ್ಟಿರಾಯ್ಡ್ ಹನಿಗಳನ್ನೂ ಪಾಪೆ ಹಿಗ್ಗಿಸುವ ಹನಿಗಳನ್ನೂ ಕೊಡುತ್ತಾರೆ. ಸ್ಟಿರಾಯ್ಡ್ ರಕ್ಷಣಾ ಪಡೆಯನ್ನು ಹಿಂದಕ್ಕೆ ಸರಿಸುತ್ತದೆ. ಆದರೆ ಕಾರ್ನಿಯದಲ್ಲಿ ಹರ್ಪಿಸ್ ವೈರಸ್ಸಿನ ಹುಣ್ಣಿದ್ದಾಗ ಅದೇ ಹನಿ ಹಾಕಿದರೆ ವೈರಸ್ಸಿಗೆ ಬಾಗಿಲು ತೆರೆದಂತೆ; ಹುಣ್ಣು ಹಬ್ಬಿ ಕಾರ್ನಿಯ ಶಾಶ್ವತವಾಗಿ ಮಸುಕಾಗಬಹುದು. ಹೊರಗಿನಿಂದ ನೋಡಿದರೆ ಎರಡೂ ಕೆಂಗಣ್ಣುಗಳೇ. ವ್ಯತ್ಯಾಸ ತಿಳಿಸುವುದು ಸ್ಲಿಟ್ ಲ್ಯಾಂಪ್. ಆದ್ದರಿಂದ ಪಕ್ಕದ ಮನೆಯವರಿಗೆ ಗುಣವಾಯಿತೆಂದು ಅವರ ಹನಿಯನ್ನು ಹಾಕಿಕೊಳ್ಳುವುದು, ಅಂಗಡಿಯಲ್ಲಿ ಕೇಳಿ ತರುವುದು ಸಲ್ಲದು. ನೋವು, ಮಂಜು ದೃಷ್ಟಿ, ಬೆಳಕಿನ ಅಸಹನೆ, ಈ ಮೂರರಲ್ಲಿ ಒಂದಿದ್ದರೂ ಅದೇ ದಿನ ನೇತ್ರವೈದ್ಯರನ್ನು ಕಾಣಬೇಕು; ಹಿಂದೆ ಬಂದಿದ್ದ ಜ್ವರದ ವಿಷಯವನ್ನು ತಪ್ಪದೆ ಹೇಳಬೇಕು. ಬೇಗ ಚಿಕಿತ್ಸೆ ಪಡೆದವರಲ್ಲಿ ಹೆಚ್ಚಿನವರಿಗೆ ದೃಷ್ಟಿ ಮರಳುತ್ತದೆ.

ಇನ್ನು ತಡೆಯ ಮಾತು. ಚಿಕುನ್‌ಗುನ್ಯ ಹರಡುವ ಈಡಿಸ್ ಸೊಳ್ಳೆ ಹಗಲಿನಲ್ಲಿ ಕಚ್ಚುತ್ತದೆ, ನಿಂತ ತಿಳಿನೀರಿನಲ್ಲಿ ಮೊಟ್ಟೆಯಿಡುತ್ತದೆ. ದಿನ ಬಿಟ್ಟು ದಿನ ನೀರು ಬರುವ ನಮ್ಮ ಬಡಾವಣೆಗಳಲ್ಲಿ ಸಂಪು, ಡ್ರಮ್ಮು, ಹೂಕುಂಡದ ತಟ್ಟೆಗಳೇ ಅದಕ್ಕೆ ತೊಟ್ಟಿಲು. ಮೊಟ್ಟೆ ಸೊಳ್ಳೆಯಾಗಲು ಒಂದು ವಾರದಿಂದ ಹತ್ತು ದಿನ ಸಾಕು. ಮೊಟ್ಟೆಗಳು ಪಾತ್ರೆಯ ಗೋಡೆಗೆ ಅಂಟಿಕೊಂಡು ಒಣಗಿಯೂ ತಿಂಗಳುಗಟ್ಟಲೆ ಬದುಕಬಲ್ಲವು. ಆದ್ದರಿಂದ ವಾರಕ್ಕೊಮ್ಮೆ ನೀರು ಚೆಲ್ಲಿದರೆ ಸಾಲದು, ಪಾತ್ರೆಯನ್ನು ತಿಕ್ಕಿ ತೊಳೆದು ಒಣಗಿಸಬೇಕು. ನಿಮ್ಮ ಶಾಲೆಯ ನೀರಿನ ತೊಟ್ಟಿಯಿಂದಲೇ ಈ ಕೆಲಸವನ್ನು ಏಕೆ ಆರಂಭಿಸಬಾರದು?